ಇಳಿಜಾರಿನಲ್ಲಿ ಬಡವರ ಮನೆ: ಯಾವ ಸಲಹೆಗಾರರು ಯಾವ ಕೆಲಸಕ್ಕೆ?

ನಿವೇಶನರಹಿತರಿಗೆಂದು ಜಾಗ ಗುರುತಾದ ಕೂಡಲೇ ಪಂಚಾಯಿತಿಯಲ್ಲಿ ಏಳುವ ಮೊದಲ ಪ್ರಶ್ನೆ, ನಕ್ಷೆ ಯಾರ ಕೈಲಿ ಮಾಡಿಸುವುದು ಎಂಬುದು. ಕೊಡಗಿನಲ್ಲಿ ಸಾಮಾನ್ಯವಾಗಿ ನಾಲ್ಕು ದಾರಿ ಇವೆ: ಬೆಂಗಳೂರು ಅಥವಾ ಮೈಸೂರಿನ ಯೋಜನಾ ಸಂಸ್ಥೆ, ನಿರ್ಮಿತಿ ಕೇಂದ್ರ, ಮಡಿಕೇರಿ–ಕುಶಾಲನಗರ–ವಿರಾಜಪೇಟೆಯ ಪರವಾನಗಿ ಹೊಂದಿದ ಎಂಜಿನಿಯರ್, ಇಲ್ಲವೇ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗ. ನಾಲ್ವರ ಜೊತೆಯೂ ಕೆಲಸ ಮಾಡಿ ನೋಡಿದ ಮೇಲೆ ಬರೆದ ಹೋಲಿಕೆ ಇದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ಕಂಡವರಿಗೆ ಅಳತೆಗೋಲು ಒಂದೇ: ಮನೆ ಎಷ್ಟು ಎಂದು ಎಣಿಸುವ ಮೊದಲು ಬರೆ (ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆ) ಎಲ್ಲಿ, ನೀರು ಎತ್ತ ಎಂದು ಯಾರು ಕೇಳುತ್ತಾರೆ?

ನಕ್ಷೆಯಿಂದಲೇ ಶುರು ಮಾಡೋಣ, ವ್ಯತ್ಯಾಸ ಹೆಚ್ಚು ಕಾಣುವುದು ಅಲ್ಲೇ. 2 ಎಕರೆ ಪೈಸಾರಿ (ಸರ್ಕಾರಿ) ಜಾಗ, ಇಳಿಜಾರು ಶೇ 25 ಎಂದಿಟ್ಟುಕೊಳ್ಳಿ. ನಾಲ್ಕು ಅಡಿ ಮುಂದೆ ಹೋದರೆ ಒಂದು ಅಡಿ ಇಳಿತ. ಹೊರಗಿನ ಸಂಸ್ಥೆ ಶೇ 55ರಷ್ಟು ಜಾಗ ನಿವೇಶನಕ್ಕೆ, ಉಳಿದದ್ದು ರಸ್ತೆ, ಚರಂಡಿ, ಉದ್ಯಾನಕ್ಕೆ ಎಂಬ ಬಯಲುಸೀಮೆಯ ಲೆಕ್ಕ ಹಿಡಿದು 30×40 ಅಡಿಯ 40 ನಿವೇಶನ ಕೂರಿಸುತ್ತದೆ. 40 ಅಡಿಯ ಬದಿ ಇಳಿಜಾರಿನ ದಿಕ್ಕಿಗೆ ಬಿತ್ತೆಂದರೆ ಒಂದೇ ನಿವೇಶನದ ಮೇಲ್ತುದಿಗೂ ಕೆಳತುದಿಗೂ 10 ಅಡಿ ಅಂತರ. ಜೆಸಿಬಿ ಹಾಕಿ ಪೂರ್ತಿ ಸಮತಟ್ಟು ಮಾಡಿದರೆ ಮನೆಯ ಹಿಂದೆ 10 ಅಡಿಯ ಬರೆ ನಿಲ್ಲುತ್ತದೆ. ಅದಕ್ಕೆ 30 ಅಡಿ ಉದ್ದದ ಕಲ್ಲಿನ ತಡೆಗೋಡೆ ಬೇಕು. ಬುಡದಲ್ಲಿ 1.7 ಮೀಟರ್, ತಲೆಯಲ್ಲಿ 0.6 ಮೀಟರ್ ದಪ್ಪ ಹಿಡಿದರೂ 30 ಘನ ಮೀಟರ್ ದಾಟುತ್ತದೆ. ಘನ ಮೀಟರಿಗೆ 5,000 ರೂಪಾಯಿ ಎಂದು ಕಡಿಮೆಯೇ ಹಿಡಿಯಿರಿ, ಗೋಡೆಗೇ ಒಂದೂವರೆ ಲಕ್ಷ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಇಲ್ಲಿ ಮನೆಗೆ ಸಿಗುವ ಸಹಾಯಧನ 1.20 ಲಕ್ಷ. ಗೋಡೆಗೆಂದು ಅದರಲ್ಲಿ ಪ್ರತ್ಯೇಕ ಬಾಬ್ತು ಇಲ್ಲ. ಹೀಗಾಗಿ ಗೋಡೆ ಕಟ್ಟುವುದೇ ಇಲ್ಲ, ಬರೆ ಹಾಗೇ ಉಳಿಯುತ್ತದೆ, ಮುಂದಿನ ಜುಲೈನಲ್ಲಿ ಅಡುಗೆಮನೆಯ ಹಿಂಬದಿಗೆ ಬಂದು ಬೀಳುತ್ತದೆ.

ಸ್ಥಳೀಯ ಎಂಜಿನಿಯರ್ ಒಳ್ಳೆಯವರಾದರೆ ಮೊದಲು ಟೋಟಲ್ ಸ್ಟೇಷನ್ ಎಂಬ ಅಳತೆಯ ಉಪಕರಣ ತರಿಸಿ ಒಂದು ಮೀಟರ್ ಅಂತರದ ಕಾಂಟೂರ್ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ನಕ್ಷೆ ಮಾಡಿಸುತ್ತಾರೆ. ಆಮೇಲೆ ಮನೆಯ ಉದ್ದ ಬದಿಯನ್ನು ಕಾಂಟೂರಿನ ಗುಂಟ ತಿರುಗಿಸಿ, ಮನೆಯ ಅಗಲವನ್ನು 20 ಅಡಿಗೆ ನಿಲ್ಲಿಸುತ್ತಾರೆ. ಆಗ ಏರಿಳಿತ 5 ಅಡಿ. ಹಿಂದೆ ಎರಡೂವರೆ ಅಡಿ ಕಡಿದು, ಮುಂದೆ ಎರಡೂವರೆ ಅಡಿ ಕಲ್ಲಿನ ಪಂಚಾಂಗ (ಗೋಡೆಯಡಿಯ ಕಟ್ಟೆ) ಎತ್ತಿದರೆ ಮುಗಿಯಿತು. ಅಡಿಪಾಯ ಮಾತ್ರ ಸುತ್ತಲೂ ಮೂಲ ನೆಲಕ್ಕೇ ಇಳಿಯಬೇಕು, ಕಡಿದು ಸುರಿದ ಮಣ್ಣಿನ ಮೇಲೆ ನಿಲ್ಲಬಾರದು. ಹೊಸ ಮಣ್ಣು ನಮ್ಮ ಮಳೆಗೆ ಕೂರುತ್ತದೆ, ಕೂತ ಕಡೆ ಗೋಡೆ ಓರೆಯಾಗಿ ಬಿರಿಯುತ್ತದೆ. ರಸ್ತೆಯದೂ ಇದೇ ಕಥೆ. ಇಳಿಜಾರಿಗೆ ನೇರ ಹತ್ತಿಸಿದರೆ 1:4, ಜಲ್ಲಿ ಲಾರಿಯೂ ಹತ್ತದು, ಆಂಬುಲೆನ್ಸೂ ಹತ್ತದು. ಬಳಸಿಕೊಂಡು ಹೋದರೆ 1:15ರ ಒಳಗೆ ತರಬಹುದು, ಆದರೆ ಜಾಗ ತಿನ್ನುತ್ತದೆ.

ಹಾಗಾಗಿ 40ರ ಬದಲು 22ರಿಂದ 24 ಮನೆ ಮಾತ್ರ ಕೂರುತ್ತವೆ. ಉಳಿದ ಕುಟುಂಬಗಳಿಗೆ ಏನು ಹೇಳುವುದು ಎಂದು ಸದಸ್ಯರು ಕೇಳುವುದು ನ್ಯಾಯವೇ. ಅದಕ್ಕೆ ಇನ್ನೊಂದು ಜಾಗ ಹುಡುಕಬೇಕೇ ಹೊರತು ಅದೇ ಗುಡ್ಡಕ್ಕೆ ಇನ್ನೊಂದು ಸಾಲು ಕೊರೆಯುವುದು ಉತ್ತರವಲ್ಲ. ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿ ನಗರದಲ್ಲಿ ಒಬ್ಬರ ಅಂಗಳದ ಕೆಳಗೆ ಇನ್ನೊಬ್ಬರ ಮಾಡು ಬರುವಂತೆ ಮನೆಗಳು ಕೂತಿದ್ದು ಏನಾಯಿತೆಂದು 2018ರಲ್ಲಿ ನೋಡಿಯಾಗಿದೆ.

ಇಲ್ಲಿ ಇಂಗುಗುಂಡಿಯ ಮಾತು ಹೇಳಲೇಬೇಕು, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ನಕ್ಷೆಯಲ್ಲಿ ಪ್ರತಿ ಮನೆಯ ಮುಂದೆ ಒಂದು ಸೊನ್ನೆ ಬರೆದು ‘ಇಂಗುಗುಂಡಿ’ ಎಂದಿರುತ್ತದೆ. ಮುಂದೆ ಅಂದರೆ ಇಳಿಜಾರಿನಲ್ಲಿ ಕೆಳಬದಿ, ಅಂದರೆ ಕೆಳಮನೆಯವರ ಬರೆಯ ನೆತ್ತಿ. ಮಳೆಗಾಲದಲ್ಲಿ ನೆಲ ಮೊದಲೇ ತುಂಬಿರುತ್ತದೆ. ಗುಂಡಿಯ ನೀರು ಇಂಗದೆ ಅಡ್ಡಕ್ಕೆ ನುಗ್ಗಿ ಬರೆಯ ಮೈಯಲ್ಲಿ ಒಸರುತ್ತದೆ. ಬರೆಯ ಅರ್ಧದಲ್ಲಿ ಮಣ್ಣು ಒದ್ದೆಯಾಗಿ ಹೊಳೆಯುತ್ತಿದ್ದರೆ, ಅಲ್ಲಿ ಮಾತ್ರ ಜರಿಗಿಡ ಹಸಿರಾಗಿದ್ದರೆ ಅದೇ ಲಕ್ಷಣ. ಗುಂಡಿಗಳನ್ನು ಬದಿಗೆ ಸರಿಸಿ, ಬಚ್ಚಲ ನೀರನ್ನು ಪೈಪಿನಲ್ಲಿ ಒಂದೇ ಕಡೆ ಕೆಳಗಿನ ತೋಡಿನ ಪಕ್ಕದ ಸಮ ಜಾಗಕ್ಕೆ ಇಳಿಸಿ, ಅಲ್ಲಿ ಶುದ್ಧ ಮಾಡುವುದು ಸರಿ. ಇಂಗುವ ಪರೀಕ್ಷೆಯನ್ನು ಮಾರ್ಚ್‌ನಲ್ಲಿ ಮಾಡಿದರೆ ಎಲ್ಲ ಗುಂಡಿಯೂ ಪಾಸಾಗುತ್ತದೆ. ಜುಲೈನಲ್ಲಿ ಮಾಡಿಸಿ.

ದೊಡ್ಡ ಸಂಸ್ಥೆಯ ವರದಿಗಳಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕುಸಿತ ಸಂಭಾವ್ಯತೆ ನಕ್ಷೆ ಇರುತ್ತದೆ. ಒಳ್ಳೆಯದೇ, ಆದರೆ ಅದರ ಪ್ರಮಾಣ 1:50,000. ಅದರಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್, ನಿಮ್ಮ 2 ಎಕರೆ ಎರಡು ಮಿಲಿಮೀಟರ್ ಚೌಕವೂ ಆಗುವುದಿಲ್ಲ. ಯಾವ ಊರು ಬೇಡ ಎಂದು ತಿಳಿಯಲು ಅದು ಸಾಕು, ಯಾವ ನಿವೇಶನ ಬೇಡ ಎನ್ನಲು ಸಾಲದು. ಅದಕ್ಕೆ ಜಾಗದಲ್ಲೇ ಮೂರ್ನಾಲ್ಕು ಕಡೆ ಗುಂಡಿ ತೋಡಿ, ಮೇಲ್ಮಣ್ಣು ಎಷ್ಟು ಆಳ, ಅದರಡಿ ಕೊಳೆತ ಬಂಡೆ ಎಲ್ಲಿ ಶುರು ಎಂದು ಭೂವಿಜ್ಞಾನಿ ಇಳಿದು ನೋಡಬೇಕು. ಮಣ್ಣು–ಬಂಡೆ ಸೇರುವ ಆ ಪದರದಲ್ಲೇ ನೀರು ನಿಂತು ಜಾರುವುದು. ಸ್ಥಳೀಯ ಎಂಜಿನಿಯರ್ ಬಳಿ ಈ ಪರಿಣತಿ ಸಾಮಾನ್ಯವಾಗಿ ಇರುವುದಿಲ್ಲ. ಅವರ ದೊಡ್ಡ ಕೊರತೆ ಇದೇ.

ಕಾಲೇಜಿನವರು ಉಪಯೋಗಕ್ಕೆ ಬರುವುದು ಇಲ್ಲಿ. ಮಣ್ಣಿನ ಪರೀಕ್ಷೆ, ಟೋಟಲ್ ಸ್ಟೇಷನ್ ಸರ್ವೆ, ಮನೆಮನೆ ಸಮೀಕ್ಷೆ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ವಿದ್ಯಾರ್ಥಿಗಳ ಪರೀಕ್ಷೆಯ ದಿನಗಳಲ್ಲಿ ಕೆಲಸ ನಿಲ್ಲುತ್ತದೆ, ಅಷ್ಟಕ್ಕೆ ತಯಾರಿರಬೇಕು. ಅಂತಿಮ ನಕ್ಷೆಯನ್ನು ಮಾತ್ರ ಅವರಿಂದ ನಿರೀಕ್ಷಿಸಬೇಡಿ.

ನಿರ್ಮಿತಿ ಕೇಂದ್ರಗಳ ಕಸುಬು ಕಟ್ಟುವುದು. ಅಂದಾಜುಪಟ್ಟಿ, ಎಸ್‌.ಆರ್‌. ದರ (ಸರ್ಕಾರದ ದರಪಟ್ಟಿ), ಕಡಿಮೆ ವೆಚ್ಚದ ಬ್ಲಾಕ್, ಮೇಸ್ತ್ರಿಗಳ ಉಸ್ತುವಾರಿ, ಇವಕ್ಕೆ ಅವರು ಸರಿ. ಎಲ್ಲಿ ಕಟ್ಟಬೇಕೆಂಬ ತೀರ್ಮಾನ ಮುಗಿಸಿಕೊಂಡೇ ಅವರ ಬಳಿ ಹೋಗಿ.

ದಾಖಲೆಯ ವಿಷಯದಲ್ಲಿ ಹೊರಗಿನವರು ಎಡವುವುದು ಹೆಚ್ಚು. ಆರ್‌ಟಿಸಿಯಲ್ಲಿ ಪೈಸಾರಿ ಎಂದಿದ್ದರೆ ಸರ್ಕಾರಿ ಜಾಗ, ಖಾಲಿ ಎಂದು ಬರೆದುಬಿಡುತ್ತಾರೆ. ಅದು ಸಿ ಆ್ಯಂಡ್ ಡಿ ಭೂಮಿಯೇ (ಅರಣ್ಯೀಕರಣಕ್ಕೆಂದು ಗುರುತಿಸಿದ ಸರ್ಕಾರಿ ಭೂಮಿ), ಊರುಡುವೆಯೇ (ಊರಿನ ಸಾಮೂಹಿಕ ಭೂಮಿ), ದೇವರಕಾಡಿಗೆ ತಾಗಿದೆಯೇ, ಒಳಗೆ ಯಾರಾದರೂ ಮನೆ ಸಕ್ರಮಕ್ಕೆ 94ಸಿ ಅರ್ಜಿ ಹಾಕಿ ಕೂತಿದ್ದಾರೆಯೇ ಎಂಬುದು ತಾಲ್ಲೂಕು ಕಚೇರಿ, ಅರಣ್ಯ ಇಲಾಖೆ ಎರಡೂ ಕಡೆ ಕಡತ ತೆಗೆಸಿದರಷ್ಟೇ ತಿಳಿಯುವುದು. ಪಕ್ಕದ್ದು ಜಮ್ಮಾ ಬಾಣೆಯಾದರೆ (ವಂಶಪಾರಂಪರ್ಯವಾಗಿ ಬಂದ ಭೂಮಿ) ದಾಖಲೆಯಲ್ಲಿರುವ ಪಟ್ಟೆದಾರರ ಹೆಸರಿನ ಜೊತೆ ಇಡೀ ಒಕ್ಕದ, ಅಂದರೆ ಮನೆತನದ, ಹಕ್ಕು ಇರುತ್ತದೆ. ದಾರಿಗೆಂದು ಒಬ್ಬರು ಸಹಿ ಹಾಕಿದರೆ ಸಾಲದು. ಸ್ಥಳೀಯ ಎಂಜಿನಿಯರಿಗೆ ಇದೆಲ್ಲ ಗೊತ್ತಿರುತ್ತದೆ. ಅಳತೆ ಮಾಡುವ ಮೊದಲೇ ಕಂದಾಯ–ಅರಣ್ಯ ಜಂಟಿ ಸರ್ವೆ ಕೇಳುವವರು ಅವರೇ.

ಇದ್ದ ಜಾಗದಲ್ಲೇ ಮನೆ ಮರುಕಟ್ಟುವ, ಇಲ್ಲವೇ ಅಲ್ಲಿದ್ದವರಿಗೆ ಬೇರೆ ಕಡೆ ಮನೆ ಕೊಡುವ ಕೆಲಸಕ್ಕೆ ಜನರ ಸಮೀಕ್ಷೆ ಮುಖ್ಯ. ಕರಡಿಗೋಡು, ಗುಹ್ಯ, ನೆಲ್ಲಿಹುದಿಕೇರಿಯ ಹೊಳೆದಡದ ಮನೆಗಳೋ ತೋಟದ ಕಾರ್ಮಿಕರ ಲೈನ್ ಮನೆಗಳೋ ಆದರೆ ಹಗಲು ಹೋದವರಿಗೆ ಬೀಗ ಕಾಣುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಮನೆಮಂದಿಯೆಲ್ಲ ತೋಟದಲ್ಲಿ. ಸಂಜೆ ಅಥವಾ ಭಾನುವಾರ ಹೋಗಬೇಕು, ಯರವ, ಮಲಯಾಳ, ಕೊಡವ ತಕ್ಕ್ ಬಲ್ಲವರು ಜೊತೆಗಿರಬೇಕು. ಎಷ್ಟು ಮಂದಿ ಎಂಬುದರ ಜೊತೆ ಕೂಲಿಗೆ ಎಲ್ಲಿಗೆ, ಎಷ್ಟು ದೂರ ನಡೆಯುತ್ತಾರೆ ಎಂದೂ ಕೇಳಬೇಕು. ತೋಟದಿಂದ 20 ಕಿಲೋಮೀಟರ್ ಆಚೆ ಮನೆ ಕೊಟ್ಟರೆ ಬಸ್ ಖರ್ಚಿಗೇ ಕೂಲಿ ಹೋಗಿ, ಜನ ವಾಪಸ್ ಲೈನ್ ಮನೆಗೇ ಬರುತ್ತಾರೆ. ಈ ಒಂದು ಕೆಲಸದಲ್ಲಿ ದೊಡ್ಡ ಸಂಸ್ಥೆಗಳ ಪ್ರಶ್ನಾವಳಿ, ಪಟ್ಟಿ ಮಾಡುವ ಶಿಸ್ತು ನಿಜಕ್ಕೂ ಮೇಲು. ಪ್ರಶ್ನಾವಳಿ ಅವರದಿರಲಿ, ಕೇಳುವವರು ಇಲ್ಲಿಯವರಿರಲಿ.

ನಮ್ಮ ಆಯ್ಕೆ ಹೀಗಿದೆ. 30 ಮನೆಯೊಳಗಿನ ಬಡಾವಣೆಗೆ ಸ್ಥಳೀಯ ಎಂಜಿನಿಯರ್, ಅವರ ಜೊತೆ ಭೂವಿಜ್ಞಾನಿಗೆ ಪ್ರತ್ಯೇಕ ಶುಲ್ಕ, ಸರ್ವೆಗೆ ಕಾಲೇಜು. ಅದಕ್ಕೂ ದೊಡ್ಡದಾದರೆ, ಅಥವಾ ಕೇಂದ್ರ–ರಾಜ್ಯ ಎರಡರ ಹಣ ಸೇರಿಸಿ ವಿವರ ಯೋಜನಾ ವರದಿ ಬೇಕಾದರೆ ಸಂಸ್ಥೆ ಅನಿವಾರ್ಯ. ಆಗಲೂ ಸ್ಥಳೀಯ ಎಂಜಿನಿಯರನ್ನು ಕರಾರಿನಲ್ಲೇ ಹೆಸರಿಸಿ ಸೇರಿಸಿ. ಕುಶಾಲನಗರದ ಕಡೆಯ ಸಮತಟ್ಟು ನೆಲಕ್ಕೆ ಇಷ್ಟು ಬೇಡ, ಅಲ್ಲಿ ಮಳೆ ಮಡಿಕೇರಿಯ ಅರ್ಧವೂ ಇಲ್ಲ. ಹೊಳೆಯ ನೆರೆ ಎಲ್ಲಿಯವರೆಗೆ ಏರಿತ್ತೆಂದು ಗುರುತು ಮಾಡಿಸಿದರೆ ಸಾಕು.

ಕರಾರಿಗೆ ಸಹಿ ಹಾಕುವ ಮೊದಲು ನೋಡಬೇಕಾದ್ದು ಇನ್ನೂ ಕೆಲವಿವೆ. ಗುಡ್ಡಗಾಡಿನ ನಿವೇಶನ ಆಯ್ಕೆಗೆ ಭಾರತೀಯ ಮಾನಕ ಐಎಸ್ 14243, ತಡೆಗೋಡೆಗೆ ಐಎಸ್ 14458 ಅನ್ವಯವಾಗಬೇಕೆಂದು ಬರೆಸಿ. ಕಾಂಟೂರ್ ನಕ್ಷೆಯ ತಿದ್ದಬಹುದಾದ ಕ್ಯಾಡ್ ಕಡತ ಪಂಚಾಯಿತಿಗೆ ಸೇರಬೇಕು, ಪಿಡಿಎಫ್ ಮಾತ್ರ ಕೊಟ್ಟರೆ ಮುಂದಿನ ಸಲ ಮತ್ತೆ ಸರ್ವೆಗೆ ದುಡ್ಡು. ಬಿಲ್ಲಿನಲ್ಲಿ ಶೇ 18 ಜಿಎಸ್‌ಟಿ ಹಾಕಿದ್ದರೆ ಕೇಳಿ: ಸಂವಿಧಾನದ 243ಜಿ ವಿಧಿಯಡಿ ಪಂಚಾಯಿತಿಗೆ ವಹಿಸಿದ ಕೆಲಸಗಳಲ್ಲಿ ಗ್ರಾಮೀಣ ವಸತಿಯೂ ಇದೆ, ಅದಕ್ಕೆ ಕೊಡುವ ಬರೀ ಸೇವೆಗೆ (ಸಾಮಗ್ರಿ ಸೇರದ್ದು) ವಿನಾಯಿತಿ ಉಂಟು. ಹಣವನ್ನು ಹಂತಹಂತವಾಗಿ ಬಿಡಿ. ಮುಂಗಡ ಶೇ 10, ಸರ್ವೆ ಮತ್ತು ಗುಂಡಿ ಪರೀಕ್ಷೆಗೆ 25, ನಕ್ಷೆಗೆ 25, ಅನುಮೋದನೆ ಸಿಕ್ಕಿದ ಮೇಲೆ 25. ಉಳಿದ 15ನ್ನು ರಸ್ತೆ, ಚರಂಡಿ ಕಡಿದ ನಂತರದ ಮೊದಲ ಜುಲೈನಲ್ಲಿ ಸಲಹೆಗಾರರು ಮಳೆಯಲ್ಲೇ ಜಾಗಕ್ಕೆ ಬಂದು, ಬರೆ ಒಸರುವ ಕಡೆಗಳನ್ನು ನಕ್ಷೆಯಲ್ಲಿ ಗುರುತಿಸಿ, ತಿದ್ದಿದ ಪ್ರತಿಗೆ ಸಹಿ ಹಾಕಿ ಕೊಟ್ಟ ಮೇಲಷ್ಟೇ ಕೊಡಿ.