ಡ್ರೋನ್ ಬ್ಯಾಗಿನ ಮೇಲೆ ‘ವಾಟರ್‌ಪ್ರೂಫ್’ ಎಂದು ಬರೆದಿದ್ದರೆ ಸಾಲದು

ಕಳೆದ ವರ್ಷ ಅಕ್ಟೋಬರಿನಲ್ಲಿ ಮೂಡಿಗೆರೆ ಸಮೀಪದ ಪರಿಚಿತರೊಬ್ಬರ ಕಾಫಿ ತೋಟವನ್ನು ಮೇಲಿನಿಂದ ಚಿತ್ರೀಕರಿಸಲು ಹೋದ ನಾನು, ಡ್ರೋನನ್ನು ಒಂದು ಸಲವೂ ಹಾರಿಸದೆ ಹಾಸನಕ್ಕೆ ಮರಳಬೇಕಾಯಿತು. ಡ್ರೋನ್ ಆಕಾಶದಿಂದ ಬಿದ್ದಿರಲಿಲ್ಲ, ಯಾವ ಸಿಲ್ವರ್ ಓಕ್ ಮರಕ್ಕೂ ತಾಗಿರಲಿಲ್ಲ. ಅದು ಹಾಳಾದದ್ದು ಬ್ಯಾಗಿನೊಳಗೆ. ಅದನ್ನು ಕಾಪಾಡಲೆಂದೇ ಮೂರು ವಾರಗಳ ಹಿಂದೆ ಆನ್‌ಲೈನಿನಲ್ಲಿ ತರಿಸಿಕೊಂಡಿದ್ದ ಬ್ಯಾಗಿನೊಳಗೆ. ಅಂಥದ್ದೇ ಬ್ಯಾಗನ್ನು ಕೊಳ್ಳುವ ಯೋಚನೆಯಲ್ಲಿರುವವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಬಳಿ ಇರುವುದು ಚೀನಾದ ಡಿಜೆಐ ಕಂಪನಿಯ, 2018ರಲ್ಲಿ ಮಾರುಕಟ್ಟೆಗೆ ಬಂದ ಮ್ಯಾವಿಕ್ 2 ಪ್ರೊ ಎಂಬ ಡ್ರೋನ್. ಮಡಿಸಿದಾಗ ಅದರ ಉದ್ದ 214 ಮಿಲಿಮೀಟರ್, ತೂಕ 907 ಗ್ರಾಂ. ಒಂದೊಂದು ಬ್ಯಾಟರಿಯೂ 297 ಗ್ರಾಂ ತೂಗುತ್ತದೆ. ಹೆಚ್ಚುವರಿ ಬ್ಯಾಟರಿ, ರಿಮೋಟ್, ಚಾರ್ಜರ್, ರೆಕ್ಕೆಗಳು ಎಲ್ಲವೂ ಸೇರಿದರೆ ಬೆನ್ನ ಮೇಲಿನ ಭಾರ ಕಡಿಮೆಯೇನಲ್ಲ. ಆದರೆ ಬ್ಯಾಗನ್ನು ಆರಿಸುವಾಗ ನಾನು ಈ ಭಾರದ ಕುರಿತು ಯೋಚಿಸಲೇ ಇಲ್ಲ. ಎಷ್ಟು ಲೀಟರ್ ಹಿಡಿಯುತ್ತದೆ, ಎಷ್ಟು ಜೇಬುಗಳಿವೆ, ಲ್ಯಾಪ್‌ಟಾಪ್‌ಗೆ ಜಾಗವಿದೆಯೇ ಎಂಬುದನ್ನಷ್ಟೇ ನೋಡಿದೆ. ‘ವಾಟರ್‌ಪ್ರೂಫ್’, ‘ಶಾಕ್‌ಪ್ರೂಫ್’ ಎಂಬ ಎರಡು ಪದಗಳು ಚಿತ್ರದ ಮೇಲೆ ದೊಡ್ಡದಾಗಿಯೇ ಇದ್ದವು. ಬೆಲೆ 2,200 ರೂಪಾಯಿ. ಲಕ್ಷದ ಹತ್ತಿರದ ಉಪಕರಣಕ್ಕೆ ಕೈಬಿಚ್ಚಿ ಖರ್ಚು ಮಾಡುವ ನಾವು ಬ್ಯಾಗಿನ ವಿಷಯಕ್ಕೆ ಬಂದಾಗ ಮಾತ್ರ ಏಕೆ ಚೌಕಾಸಿಗೆ ಇಳಿಯುತ್ತೇವೋ ತಿಳಿಯದು.

ಅಂದು ಗೆಳೆಯನ ಬೈಕಿನ ಹಿಂದೆ ಕುಳಿತು, ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು ಹೊರಟೆ. ಪಟ್ಟಿ ಸ್ವಲ್ಪ ಉದ್ದವಾಗಿದ್ದುದರಿಂದ ಬ್ಯಾಗಿನ ತಳ ಹಿಂಬದಿಯ ಕ್ಯಾರಿಯರ್ ಮೇಲೆ ಕೂರುತ್ತಿತ್ತು. ಹೆಗಲಿಗೆ ಭಾರ ಕಡಿಮೆಯಾಯಿತೆಂದು ನನಗೆ ಹಿತವೇ ಆಗಿತ್ತು. ಬೇಲೂರು ದಾಟುವವರೆಗೂ ಬಿಸಿಲಿತ್ತು. ಅಲ್ಲಿಂದ ಮುಂದೆ ಮಳೆ ಹಿಡಿಯಿತು. ಬ್ಯಾಗಿನ ಜೊತೆಗೇ ಬಂದಿದ್ದ ಮಳೆ ಕವರನ್ನು ಎಳೆದು ಮುಚ್ಚಿ, ನಿಶ್ಚಿಂತೆಯಿಂದ ಮುಂದುವರಿದೆವು.

ತೋಟದ ಮನೆಯ ಜಗಲಿಯಲ್ಲಿ ಬ್ಯಾಗು ತೆರೆದಾಗ ಒಳಗಿನ ಸ್ಪಂಜು ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು. ಡ್ರೋನಿನ ಮೈ ಮಾತ್ರ ಒಣಗಿಯೇ ಇದ್ದಂತೆ ಕಂಡಿತು. ಅದನ್ನು ಆನ್ ಮಾಡಿದ್ದು ನನ್ನ ಎರಡನೆಯ ತಪ್ಪು. ಸಾಮಾನ್ಯವಾಗಿ ಆನ್ ಆದ ಕೂಡಲೇ ಕ್ಯಾಮೆರಾ ಒಮ್ಮೆ ಅತ್ತಿತ್ತ ತಿರುಗಿ ನೇರ ನಿಲ್ಲುತ್ತದೆ. ಅಂದು ಅದು ಒಂದು ಕಡೆಗೆ ವಾಲಿ ನಡುಗತೊಡಗಿತು, ಫೋನಿನ ಪರದೆಯ ಮೇಲೆ ಗಿಂಬಲ್ ಮೋಟಾರಿಗೆ ಮಿತಿಮೀರಿದ ಹೊರೆ ಬಿದ್ದಿದೆ ಎಂಬ ಎಚ್ಚರಿಕೆ ಮೂಡಿತು.

ಬೆಂಗಳೂರಿನಲ್ಲಿ ರಿಪೇರಿ ಮಾಡುವವರು ಬಿಚ್ಚಿ ತೋರಿಸಿದ ಮೇಲೆಯೇ ನನಗೆ ಕಾರಣ ಅರ್ಥವಾಯಿತು. ಗಿಂಬಲ್ ಎಂಬುದು ಕ್ಯಾಮೆರಾವನ್ನು ಮೂರು ಪುಟ್ಟ ಮೋಟಾರುಗಳ ಮೇಲೆ ತೂಗುಹಾಕಿರುವ ವ್ಯವಸ್ಥೆ. ಅದು ಡ್ರೋನಿನ ಮೂತಿಯಲ್ಲಿ ರಬ್ಬರ್ ಗುಂಡಿಗಳ ಆಸರೆಯಲ್ಲಿ ನೇತಾಡುತ್ತಿರುತ್ತದೆ, ಕಾಗದದಷ್ಟು ತೆಳುವಾದ ರಿಬ್ಬನ್ ಕೇಬಲ್ ಅದರ ತೋಳುಗಳ ಸುತ್ತ ಹಾದುಹೋಗುತ್ತದೆ. ನನ್ನ ಬ್ಯಾಗಿನ ಖಾನೆಯಲ್ಲಿ ಡ್ರೋನ್ ಮೂತಿ ಕೆಳಗಾಗಿ ಇಟ್ಟರೆ ಮಾತ್ರ ಸರಿಯಾಗಿ ಕೂರುತ್ತಿತ್ತು. ಅಂದರೆ ರಸ್ತೆಯ ಪ್ರತಿ ಉಬ್ಬಿಗೂ ಪ್ರತಿ ಗುಂಡಿಗೂ ಡ್ರೋನಿನ ಇಡೀ ತೂಕ ಆ ಸೂಕ್ಷ್ಮ ಭಾಗದ ಮೇಲೆಯೇ ಬೀಳುತ್ತಿತ್ತು. ವೆಲ್ಕ್ರೋದ ಅಡ್ಡಪಟ್ಟಿ ನೆನೆದು ಕಳಚಿಕೊಂಡು, ಮೇಲಿದ್ದ ರಿಮೋಟ್ ಮತ್ತು ಬ್ಯಾಟರಿಗಳ ಭಾರವೂ ಅದರ ಜೊತೆಗೆ ಸೇರಿತ್ತು. ಗಿಂಬಲಿನ ಪ್ಲಾಸ್ಟಿಕ್ ಕವಚ ಹಾಕಿದ್ದೆನಾದರೂ ಅದರ ಕೊಂಡಿ ಬಿಟ್ಟುಕೊಂಡಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಬ್ಯಾಗಿನ ಪಕ್ಕಗಳಲ್ಲಿ ಬೆರಳು ಗಾತ್ರದ ಮೆತ್ತೆಯಿದ್ದರೂ ತಳದಲ್ಲಿದ್ದದ್ದು ಚಪ್ಪಲಿಯ ಅಟ್ಟೆಗಿಂತ ತೆಳುವಾದ ಒಂದು ಹಾಳೆ. ನೋಡುವವರು ಒತ್ತಿ ನೋಡುವುದು ಪಕ್ಕಗಳನ್ನು. ಪೆಟ್ಟು ತಿನ್ನುವುದು ತಳ.

ಇನ್ನು ನೀರಿನ ವಿಚಾರ. ಈ ಬ್ಯಾಗಿನ ಮುಖ್ಯ ಜಿಪ್ ಇದ್ದದ್ದು ಬೆನ್ನಿಗೆ ಅಂಟಿಕೊಳ್ಳುವ ಬದಿಯಲ್ಲಿ. ಬಸ್ ನಿಲ್ದಾಣದಂತಹ ಜಾಗದಲ್ಲಿ ಹಿಂದಿನಿಂದ ಯಾರೂ ಕೈಹಾಕಲಾಗದು ಎಂಬ ಕಾರಣಕ್ಕೆ ನಾನೇ ಮೆಚ್ಚಿ ಆರಿಸಿದ್ದ ವಿನ್ಯಾಸವದು. ಆದರೆ ಮಳೆ ಕವರು ಹೊರಮೈಯನ್ನೂ ಪಕ್ಕಗಳನ್ನೂ ಮುಚ್ಚುತ್ತದೆಯೇ ಹೊರತು ಬೆನ್ನಿನ ಬದಿಯನ್ನಲ್ಲ. ನನ್ನ ರೇನ್‌ಕೋಟಿನ ಕತ್ತಿನಿಂದ ಇಳಿದ ನೀರು ನೇರವಾಗಿ ಆ ಜಿಪ್ಪಿನ ಮೇಲೆ ಹರಿದಿದೆ. ಬಟ್ಟೆಗೆ ನೀರು ನಿರೋಧಕ ಲೇಪನವಿದ್ದದ್ದು ಸುಳ್ಳಲ್ಲ; ಆದರೆ ಜಿಪ್ಪಿನ ಹಲ್ಲುಗಳಿಗೂ ಹೊಲಿಗೆಯ ಸೂಜಿ ರಂಧ್ರಗಳಿಗೂ ಲೇಪನವಿರಲಿಲ್ಲ. ಒಳಗೆ ಬಂದ ನೀರನ್ನು ಸ್ಪಂಜು ಹೀರಿಕೊಂಡು ಹಿಡಿದಿಟ್ಟುಕೊಂಡಿತು. ಮಲೆನಾಡಿನ ಹವೆಯಲ್ಲಿ ಇಂಥ ಬ್ಯಾಗನ್ನು ಎರಡು ದಿನ ಮುಚ್ಚಿಟ್ಟರೆ ಲೆನ್ಸಿಗೆ ಫಂಗಸ್ ಹಿಡಿಯಲು ಬೇರೇನೂ ಬೇಕಾಗಿಲ್ಲ.

ರಿಪೇರಿಗೆ 18,500 ರೂಪಾಯಿ ಖರ್ಚಾಯಿತು, ಬಿಡಿಭಾಗಕ್ಕಾಗಿ ಏಳು ವಾರ ಕಾಯಬೇಕಾಯಿತು. ಹಾಳಾದರೆ ಹೊಸದನ್ನು ತೆಗೆದುಕೊಳ್ಳೋಣ ಎನ್ನುವಂತೆಯೂ ಇಲ್ಲ. ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ವಿದೇಶಿ ಡ್ರೋನ್‌ಗಳ ಆಮದನ್ನು ಕೆಲವು ವಿನಾಯಿತಿಗಳ ಹೊರತು ನಿಷೇಧಿಸಿತು. ಬಿಡಿಭಾಗಗಳಿಗೆ ಆ ನಿಷೇಧ ಅನ್ವಯಿಸದಿದ್ದರೂ ನನ್ನ ಅನುಭವದಲ್ಲಿ ಅವು ಕೇಳಿದ ಕೂಡಲೇ ಸಿಗಲಿಲ್ಲ. ಬ್ಯಾಗು ಮಾರಿದವರಿಗೆ ಬರೆದಾಗ, ವಿವರಣೆಯ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ವಾಟರ್ ರೆಸಿಸ್ಟೆಂಟ್’ ಎಂದಿರುವುದನ್ನು ತೋರಿಸಿ, ಹಿಂದಿರುಗಿಸುವ ಏಳು ದಿನಗಳ ಅವಧಿ ಮುಗಿದಿದೆ ಎಂದು ಉತ್ತರಿಸಿದರು. ತುಂತುರಿಗೆ ತಡೆಯುವುದು ಬೇರೆ, ಸುರಿಯುವ ಮಳೆಗೆ ತಡೆಯುವುದು ಬೇರೆ ಎಂಬುದನ್ನು ಹೀಗೆ ದುಡ್ಡು ತೆತ್ತು ಕಲಿತೆ.

ಆದ್ದರಿಂದ ಸಾಧ್ಯವಾದರೆ ಡ್ರೋನನ್ನು ಜೊತೆಗೊಯ್ದು, ಅಂಗಡಿಯಲ್ಲಿಯೇ ಬ್ಯಾಗಿನೊಳಗಿಟ್ಟು ನೋಡಿ ಕೊಳ್ಳಿರಿ. ಮೂತಿ ಮೇಲಾಗಿ ಅಥವಾ ಅಡ್ಡಲಾಗಿ, ಗಿಂಬಲಿನ ಸುತ್ತ ಏನೂ ಒತ್ತದಂತೆ ಕೂರುತ್ತದೆಯೇ ಎಂಬುದೇ ಮೊದಲ ಪ್ರಶ್ನೆಯಾಗಲಿ. ತಳವನ್ನು ಹೆಬ್ಬೆರಳಿನಿಂದ ಒತ್ತಿದಾಗ ನೆಲದ ಗಟ್ಟಿತನ ಬೆರಳಿಗೆ ತಾಗಿದರೆ ಆ ಬ್ಯಾಗನ್ನು ಅಲ್ಲಿಯೇ ಬಿಟ್ಟು ಬನ್ನಿ. ಮೆತ್ತೆ ನೀರು ಹೀರುವ ಸ್ಪಂಜಾಗಿರದೆ, ನೀರನ್ನು ಒಳಗೆ ಬಿಟ್ಟುಕೊಳ್ಳದ ದಟ್ಟ ಫೋಮ್ ಆಗಿರಬೇಕು. ಬ್ಯಾಟರಿಗಳಿಗೆ ಪ್ರತ್ಯೇಕ ಖಾನೆಯಿರಲಿ. ಬೀಗದ ಕೈ, ಚಿಲ್ಲರೆ ನಾಣ್ಯಗಳ ಜೊತೆ ಅವನ್ನು ಹಾಕಿದರೆ ಲೋಹ ತಾಗಿ ಶಾರ್ಟ್ ಆಗುವ ಅಪಾಯವಿದೆ. ಕಾರಿನಲ್ಲಿ ಮಾತ್ರ ಓಡಾಡುವವರಿಗೆ ಬ್ಯಾಗಿಗಿಂತ ಗಟ್ಟಿ ಪೆಟ್ಟಿಗೆಯೇ ಮೇಲು.

ಬ್ಯಾಗು ಮನೆಗೆ ಬಂದ ದಿನವೇ ಅದರೊಳಗೆ ಹಳೆಯ ದಿನಪತ್ರಿಕೆಗಳನ್ನು ತುಂಬಿ, ಬೆನ್ನಿಗೆ ಹಾಕಿಕೊಂಡು, ಸ್ನಾನದ ಮನೆಯ ಶವರ್ ಕೆಳಗೆ ಹತ್ತು ನಿಮಿಷ ನಿಲ್ಲಿರಿ. ನಾನು ಹೀಗೆ ನಿಂತಾಗ ಮನೆಯವರೆಲ್ಲ ನಕ್ಕರು. ಹೊಸದಾಗಿ ತರಿಸಿದ ಮೊದಲ ಬ್ಯಾಗಿನಲ್ಲಿ ಪತ್ರಿಕೆಗಳು ಮುದ್ದೆಯಾದವು. ಅದನ್ನು ಒಣಗಿಸಿ, ಗಡುವಿನೊಳಗೇ ಹಿಂದಿರುಗಿಸಿದೆ. ಎರಡನೆಯದರಲ್ಲಿ ಹೆಗಲ ಪಟ್ಟಿಯ ಹೊಲಿಗೆಯ ಬಳಿ ಒಂದು ಮೂಲೆ ಮಾತ್ರ ತೇವವಾಗಿತ್ತು. ಆ ಬ್ಯಾಗನ್ನು ಇಟ್ಟುಕೊಂಡಿದ್ದೇನೆ. ಆ ಮೂಲೆಯಲ್ಲಿ ಈಗ ಒಂದು ಟವೆಲ್ಲನ್ನಷ್ಟೇ ಇಡುತ್ತೇನೆ, ಮಳೆಗಾಲದಲ್ಲಿ ಡ್ರೋನನ್ನು ಬಾಯಿ ಸುತ್ತಿ ಮುಚ್ಚುವ ಡ್ರೈ ಬ್ಯಾಗಿಗೆ ಹಾಕಿಯೇ ಒಳಗಿಡುತ್ತೇನೆ.