ಬಟವಾಡೆಯಲ್ಲಿ ಉಳಿತಾಯ: ಮೊದಲೇ ಮುರಿದುಕೊಳ್ಳುವುದೋ, ಕೇಳಿ ಮುರಿಯುವುದೋ?

ಮಂಡ್ಯ ಕಡೆಯ ಹಾಲಿನ ಸಂಘವೊಂದು ಹಾಲಿನ ದುಡ್ಡಿನ ಬಟವಾಡೆಯಲ್ಲೇ ಸ್ವಲ್ಪ ಮುರಿದು ಸದಸ್ಯರಿಗೆ ಉಳಿತಾಯ ರೂಢಿಸಬೇಕೆಂದರೆ ಮುಖ್ಯವಾಗಿ ಎರಡು ದಾರಿ.

ಒಂದು, ಎಲ್ಲರನ್ನೂ ಸೇರಿಸಿಬಿಡುವುದು, ಬೇಡವೆಂದವರು ಬರೆದುಕೊಡಲಿ. ಜನ ಸೇರುವುದು ಇದರಲ್ಲೇ ಹೆಚ್ಚು. ಅಮೆರಿಕದ ಕಂಪನಿಯೊಂದರ ನಿವೃತ್ತಿ ಉಳಿತಾಯದ ಬಗ್ಗೆ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಹಾಗೇ ಆಗಿತ್ತು. ಆದರೆ ಕಂಪನಿ ತಾನೇ ಇಟ್ಟ, ಸಂಬಳದ ಶೇ. 3ರ ಕಂತಿಗೇ ಬಹಳ ಮಂದಿ ಅಂಟಿಕೊಂಡರು. ನಮ್ಮ ಬೆಳೆ ವಿಮೆ ಯೋಜನೆ ಫಸಲ್ ಬಿಮಾ 2020ರ ಮುಂಗಾರಿನಿಂದ ಸಾಲಗಾರ ರೈತರಿಗೂ ಐಚ್ಛಿಕ. ಆದರೂ ನೋಂದಣಿಯ ಕೊನೆ ದಿನಕ್ಕೆ 7 ದಿನ ಮೊದಲೇ ಬ್ಯಾಂಕಿಗೆ ‘ಬೇಡ’ ಎಂದು ಬರೆದುಕೊಡದಿದ್ದರೆ ಪ್ರೀಮಿಯಂ ಮುರಿಯುತ್ತಾರೆ. ವಿಷಯವೇ ಗೊತ್ತಿಲ್ಲದವರಿಗೆ ಇದೆಂಥ ಐಚ್ಛಿಕ?

ಇನ್ನೊಂದು, ಹಾಳೆಯಲ್ಲಿ ‘ಮುರಿಯಿರಿ’, ‘ಬೇಡ’ ಎರಡೂ ಚೌಕ ಖಾಲಿ ಬಿಟ್ಟು, ಒಂದಕ್ಕೆ ಗುರುತು ಹಾಕಿಸಿ ಸಹಿ ಪಡೆಯುವುದು. ಲೆಕ್ಕ ಪಕ್ಕದಲ್ಲೇ ಇರಲಿ: ಲೀಟರಿಗೆ 1 ರೂಪಾಯಿಯಂತೆ, ದಿನಕ್ಕೆ 10 ಲೀಟರ್ ಹಾಕುವವರಿಗೆ 15 ದಿನಕ್ಕೆ 150 ರೂಪಾಯಿ. ಬೆಳಗ್ಗೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತವರಿಗೆ ಹಾಳೆ ಚಾಚಬೇಡಿ, ಓದದೆ ಗುರುತು ಹಾಕುತ್ತಾರೆ. ಬಟವಾಡೆ ದಿನ ಕೇಳಿ.

ರೈತರ ದುಡ್ಡಿನ ವಿಚಾರಕ್ಕೆ ಎರಡನೆಯದೇ ಸರಿ. ಮೊದಲನೆಯದು ಲಸಿಕೆ ಶಿಬಿರದ ಎಸ್‌ಎಂಎಸ್‌ನಂಥ, ಕಾಸು ಹೋಗದ ಕೆಲಸಕ್ಕಿರಲಿ. ಯಾವುದಾದರೂ ಬಿಡುವುದು ಸೇರುವಷ್ಟೇ ಸುಲಭವಾಗಬೇಕು: ಅದೇ ಕಿಟಕಿ, ಒಂದೇ ಸಹಿ, ಮುಂದಿನ ಬಟವಾಡೆಯಿಂದಲೇ ಜಾರಿ.