ದುಬಾರಿ ಬಾಟಲಿಯ ಬಿರಡೆ ಮುರಿದ ಮೇಲೆ: ಮೂರು ಬರ್ಬನ್, ಎರಡು ಮೂನ್‌ಶೈನ್

ನನ್ನ ಸೋದರಮಾವ ನಿವೃತ್ತರಾದ ಸಂಜೆ, ಶಿವಮೊಗ್ಗದ ಅವರ ಮನೆಯ ಮಹಡಿಯ ಮೇಲೆ, ನಾನು ಅಮೆರಿಕದ ಕೆಂಟಕಿಯಿಂದ ಹೊತ್ತು ತಂದಿದ್ದ 130 ಡಾಲರಿನ ಬರ್ಬನ್ (ಮುಖ್ಯವಾಗಿ ಮೆಕ್ಕೆಜೋಳದಿಂದ ಇಳಿಸುವ ಅಮೆರಿಕದ ವಿಸ್ಕಿ) ಬಾಟಲಿಯ ಬಿರಡೆ ಅರ್ಧಕ್ಕೆ ಮುರಿಯಿತು. ಜೊತೆಗೆ ತಂದಿದ್ದ ಇನ್ನೊಂದು ಬಾಟಲಿ ಇವಾನ್ ವಿಲಿಯಮ್ಸ್ ಬಿಳಿ ಲೇಬಲ್, ಅದೂ ಬರ್ಬನ್ನೇ. ಅದಕ್ಕೆ ನಾನು ಕೊಟ್ಟದ್ದು 20 ಡಾಲರಿಗಿಂತ ತುಸು ಕಡಿಮೆ. ತಿರುಪಿನ ಮುಚ್ಚಳ, ಒಂದು ಸುತ್ತು ತಿರುಗಿಸಿದರೆ ಆಯಿತು. ಅಂದು ಎಲ್ಲರ ಲೋಟಕ್ಕೂ ಮೊದಲು ಬಿದ್ದದ್ದು ಅದೇ. ಮಾವ ಎರಡನೆಯ ಸಲ ಕೇಳಿದ್ದೂ ಅದನ್ನೇ.

ಕೆಂಟಕಿಯ ಲೂಯಿವಿಲ್‌ಗೆ ಮರಳಿದ ಮೇಲೆ ನಾನು ಮೂರು ಬರ್ಬನ್, ಎರಡು ಮೂನ್‌ಶೈನ್ (ಪೀಪಾಯಿಯಲ್ಲಿ ಮಾಗಿಸದ, ಕಳ್ಳಭಟ್ಟಿಯ ಬಗೆಯ ಮದ್ಯ) ಹೋಲಿಸಿ ನೋಡಲು ಕುಳಿತೆ. ಆರು ವರ್ಷಗಳಿಂದ ಇಲ್ಲಿದ್ದೇನೆ. ಹೆಸರಾಂತ ಭಟ್ಟಿಗಳು ಬಹುಪಾಲು ಒಂದು, ಒಂದೂವರೆ ಗಂಟೆಯ ದಾರಿ. ಐದು ಶನಿವಾರ, ಇಬ್ಬರು ಗೆಳೆಯರು, ಒಂದೇ ಬಗೆಯ ಗಾಜಿನ ಲೋಟ, ಮೊದಲು ಹಾಗೆಯೇ, ಆಮೇಲೆ ಒಂದು ಮಂಜುಗಡ್ಡೆ ಹಾಕಿ. ಜೊತೆಗೆ ಕೋಡುಬಳೆ, ಖಾರದ ಕಡಲೆಬೀಜ. ನನ್ನ ಅಭ್ಯಾಸವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ತೀರ್ಪು ನಿಂತಿರುವುದು ಅದರ ಮೇಲೆ: ವಾರಕ್ಕೊಮ್ಮೆ 60 ಮಿಲಿಲೀಟರ್, ಮಂಜುಗಡ್ಡೆಯೊಂದಿಗೆ, ಖಾರದ ತಿಂಡಿಯ ಜೊತೆ. ಒಂದು ಬಾಟಲಿಗೆ 30 ಡಾಲರ್ ದಾಟಲು ಮನಸ್ಸು ಒಪ್ಪುವುದಿಲ್ಲ.

ಮೊದಲು ಬಿರಡೆಯ ವಿಷಯ. ಅದನ್ನು ಅಷ್ಟಕ್ಕೇ ಬಿಡಲಾರೆ.

ಆ ದುಬಾರಿ ಬಾಟಲಿ ಸಿಂಗಲ್ ಬ್ಯಾರೆಲ್, ಅಂದರೆ ಒಂದೇ ಪೀಪಾಯಿಯಿಂದ ತುಂಬಿದ್ದು, ಶೇ. 60ರಷ್ಟು ಮದ್ಯಸಾರ. ಎಂಟು ತಿಂಗಳ ಮೊದಲೇ ಕೊಂಡು, ಬಿದ್ದು ಒಡೆದೀತೆಂಬ ಭಯದಲ್ಲಿ ಬಟ್ಟೆಯ ಕಪಾಟಿನಲ್ಲಿ ಅಡ್ಡಲಾಗಿ ಮಲಗಿಸಿ ಇಟ್ಟಿದ್ದೆ. ವೈನ್ ಬಾಟಲಿಯನ್ನು ಹಾಗೆ ಇಡುವುದನ್ನು ನೋಡಿದ್ದೆ, ಇದಕ್ಕೂ ಅದೇ ಸರಿ ಎಂದುಕೊಂಡೆ. ಅದು ತಪ್ಪು. ವೈನ್‌ನಲ್ಲಿ ಮದ್ಯಸಾರ ಶೇ. 12–14 ಇರುತ್ತದೆ, ಅದು ಬಿರಡೆಯನ್ನು ತೇವವಾಗಿಟ್ಟು ಕಾಯುತ್ತದೆ. ವಿಸ್ಕಿಯ ಸಾರ ಅದರ ನಾಲ್ಕು ಪಟ್ಟು. ತಿಂಗಳುಗಟ್ಟಲೆ ತಾಗುತ್ತಿದ್ದರೆ ಕಾರ್ಕನ್ನು ತಿಂದು ಪುಡಿಪುಡಿ ಮಾಡುತ್ತದೆ. ಬರ್ಬನ್ ಬಾಟಲಿ ಯಾವಾಗಲೂ ನೆಟ್ಟಗೆ ನಿಂತಿರಬೇಕು.

ಆ ಸಂಜೆ ಮರದ ಹಿಡಿ ನನ್ನ ಕೈಯಲ್ಲಿ ಉಳಿಯಿತು, ಕಾರ್ಕಿನ ಕೆಳತುಂಡು ಕತ್ತಿನಲ್ಲೇ ಸಿಕ್ಕಿಕೊಂಡಿತು. ಚಾಕುವಿನ ತುದಿ ಹಾಕಿದೆ. ತುಂಡು ಒಳಗೆ ಜಾರಿತು, ಹಿಂದೆಯೇ ಕಂದು ಪುಡಿ ಉದುರಿತು. ಅತ್ತೆ ಕಾಫಿ ಸೋಸುವ ಬಟ್ಟೆಯನ್ನು ತೊಳೆದು ತಂದುಕೊಟ್ಟರು. “ಬಿಡೋ, ಸೋಸಿದರೆ ಆಯಿತು, ಅದಕ್ಕೇಕೆ ಮುಖ ಸಣ್ಣ ಮಾಡಿಕೊಳ್ಳುತ್ತೀಯ” ಎಂದರು ಮಾವ. ಸೋಸಿದೆವು. ಪುಡಿ ಹೋಯಿತು, ಆದರೆ ಎಷ್ಟೋ ವರ್ಷ ಡಿಕಾಕ್ಷನ್ ಕುಡಿದಿದ್ದ ಬಟ್ಟೆಯ ಚಿಕೋರಿ ವಾಸನೆ ವಿಸ್ಕಿಗೆ ಹತ್ತಿತು. 130 ಡಾಲರಿನ ರುಚಿ ಹೇಗಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮಾವನಿಗೂ ಗೊತ್ತಿಲ್ಲ. ಅದು ನನಗೆ ನಿಜವಾಗಿ ನೋವು ಕೊಟ್ಟ ಸಂಗತಿ.

ಕಾರ್ಕ್ ಇರುವ ಬಾಟಲಿ ಕೊಳ್ಳುವವರಿಗೆ ಇಷ್ಟು ಹೇಳಬಲ್ಲೆ: ನೆಟ್ಟಗೆ ಇಡಿ. ತಿಂಗಳಿಗೊಮ್ಮೆ ಒಂದು ಕ್ಷಣ ಬಗ್ಗಿಸಿ ಬಿರಡೆ ಒಣಗದಂತೆ ನೆನೆಸಿ. ತೆರೆಯುವಾಗ ಬಿರಡೆಯನ್ನು ಹಿಡಿದು ಬಾಟಲಿಯನ್ನು ತಿರುಗಿಸಿ. ಮುಗಿದ ಬಾಟಲಿಯ ಗಟ್ಟಿ ಬಿರಡೆಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ತೆಗೆದಿಡಿ. ಯಾವುದಾದರೂ ಒಂದು ಹೊಂದುತ್ತದೆ.

ಈಗ ಮೇಕರ್ಸ್ ಮಾರ್ಕ್. ಲೊರೆಟ್ಟೊದ ಭಟ್ಟಿಯನ್ನು ನೋಡಲೇಬೇಕು. ತೊರೆಯ ಪಕ್ಕ, ಕಪ್ಪು ಬಣ್ಣದ ಮರದ ಕಟ್ಟಡಗಳು, ಕೆಂಪು ಕಿಟಕಿ ಬಾಗಿಲುಗಳು. ಬಾಟಲಿಯನ್ನು ಕೆಂಪು ಮೇಣದಲ್ಲಿ ನಾವೇ ಅದ್ದಿ ಮನೆಗೆ ತರಬಹುದು. ನನ್ನ ಹೆಂಡತಿ ಅದ್ದಿದ ಬಾಟಲಿ ಇನ್ನೂ ಶೋಕೇಸಿನಲ್ಲಿದೆ. ಬಹುತೇಕ ಬರ್ಬನ್‌ಗಳಲ್ಲಿ ಮೆಕ್ಕೆಜೋಳದ ಜೊತೆ ರೈ ಧಾನ್ಯ ಬಳಸುತ್ತಾರೆ. ಇವರು ಗೋಧಿ ಬಳಸುತ್ತಾರೆ. ಅದರಿಂದ ಮೃದು, ಸಿಹಿ, ಗಂಟಲಿಗೆ ಹಿತ. 2013ರಲ್ಲಿ ಶೇ. 45 ಇದ್ದ ಸಾರವನ್ನು ಶೇ. 42ಕ್ಕೆ ಇಳಿಸುತ್ತೇವೆ ಎಂದು ಹೇಳಿ, ಗ್ರಾಹಕರು ಸಿಟ್ಟಿಗೆದ್ದ ಮೇಲೆ ಕೆಲವೇ ದಿನಗಳಲ್ಲಿ ಆ ನಿರ್ಧಾರ ಹಿಂತೆಗೆದುಕೊಂಡರು. ಹಾಗೆ ಮಾಡಿದ್ದಕ್ಕೆ ನನಗೆ ಅವರ ಮೇಲೆ ಗೌರವವಿದೆ. ಆದರೆ ಮಂಜುಗಡ್ಡೆ ಕರಗಿ, ಬಾಯಲ್ಲಿ ಕೋಡುಬಳೆಯ ಖಾರ ಇರುವಾಗ, ಆ ಮೃದುತನ ನನ್ನ ನಾಲಿಗೆಗೆ ಸಿಗುವುದೇ ಇಲ್ಲ. ಹಾಗೆಯೇ ಕುಡಿಯುವವರಿಗೆ ಇದು ಚೆನ್ನ.

ವೈಲ್ಡ್ ಟರ್ಕಿ 101 ಅತಿ ಹತ್ತಿರದ ಎದುರಾಳಿ. ಶೇ. 50.5. ವಿಸ್ಕಿ ಇಳಿಸುವುದರಲ್ಲಿ ಹೆಸರಾದ ಜಿಮ್ಮಿ ರಸೆಲ್ ಲಾರೆನ್ಸ್‌ಬರ್ಗ್‌ನ ಈ ಭಟ್ಟಿಗೆ ಸೇರಿದ್ದು 1954ರಲ್ಲಿ. ಮಗ ಎಡ್ಡಿ ಕೂಡ ಅಲ್ಲೇ ಬೆಳೆದವರು. ಪೀಪಾಯಿಯ ಒಳಮೈಯನ್ನು ಮೊಸಳೆಯ ಚರ್ಮದಂತೆ ಬಿರುಕು ಬಿಡುವಷ್ಟು ಸುಡುತ್ತಾರೆ. ಆ ಸುಟ್ಟ ಮರದ, ಮೆಣಸಿನ ರುಚಿ ಖಾರದ ತಿಂಡಿಗೆ ಎದುರು ನಿಲ್ಲುತ್ತದೆ. ನನ್ನ ಗೆಳೆಯರಲ್ಲಿ ಒಬ್ಬರು ಇದಕ್ಕೇ ಮೊದಲ ಸ್ಥಾನ ಕೊಟ್ಟರು. ನನಗೆ ಅಡ್ಡಿಯಾದದ್ದು ಏಳೆಂಟು ಡಾಲರ್ ಹೆಚ್ಚಿನ ಬೆಲೆ ಮಾತ್ರ.

ಇನ್ನು ಇವಾನ್ ವಿಲಿಯಮ್ಸ್. ಅಂಗಡಿಯಲ್ಲಿ ಕಪ್ಪು ಲೇಬಲ್ಲಿನದೂ ಇರುತ್ತದೆ, ಅದು ಶೇ. 43, ಕೈ ಹಾಕುವಾಗ ಗಮನಿಸಿ. ಬಿಳಿಯದರ ಮೇಲೆ ‘ಬಾಟಲ್ಡ್ ಇನ್ ಬಾಂಡ್’ ಎಂದಿರುತ್ತದೆ. ನಾನು ಹಣ ಕೊಡುವುದು ಆ ಮೂರು ಪದಗಳಿಗೆ. 19ನೆಯ ಶತಮಾನದಲ್ಲಿ ಇಲ್ಲಿನ ವ್ಯಾಪಾರಿಗಳು ಬಣ್ಣವಿಲ್ಲದ ಕಚ್ಚಾ ಸಾರಕ್ಕೆ ತಂಬಾಕಿನ ರಸ, ಇನ್ನೂ ಏನೇನನ್ನೋ ಬೆರೆಸಿ ಹಳೆಯ ವಿಸ್ಕಿ ಎಂದು ಮಾರುತ್ತಿದ್ದರು. ಅದನ್ನು ತಡೆಯಲು 1897ರಲ್ಲಿ ಕಾನೂನು ಬಂತು: ಒಂದೇ ಭಟ್ಟಿಯಲ್ಲಿ, ಒಂದೇ ಋತುವಿನಲ್ಲಿ ಇಳಿಸಿದ್ದಾಗಿರಬೇಕು, ಸರ್ಕಾರದ ಕಣ್ಗಾವಲಿನ ಉಗ್ರಾಣದಲ್ಲಿ ಕನಿಷ್ಠ ನಾಲ್ಕು ವರ್ಷ ಮಾಗಬೇಕು, ಸರಿಯಾಗಿ 100 ಪ್ರೂಫ್, ಅಂದರೆ ಶೇ. 50 ಇರಬೇಕು. ಇಷ್ಟೆಲ್ಲ ಖಾತರಿ 20 ಡಾಲರಿಗೆ ಸಿಗುತ್ತದೆ.

ಇದನ್ನು ತಯಾರಿಸುವ ಹೆವನ್ ಹಿಲ್‌ನವರ ಬಾರ್ಡ್ಸ್‌ಟೌನ್ ಭಟ್ಟಿ 1996ರ ನವೆಂಬರ್‌ನಲ್ಲಿ ಸುಟ್ಟುಹೋಯಿತು. ಏಳು ಉಗ್ರಾಣಗಳು, 90,000ಕ್ಕೂ ಹೆಚ್ಚು ಪೀಪಾಯಿಗಳು ಉರಿದವು. ಆಮೇಲೆ ವರ್ಷಗಟ್ಟಲೆ ಭಟ್ಟಿ ಇಳಿಸಿದ್ದು ನಮ್ಮ ಲೂಯಿವಿಲ್‌ನಲ್ಲೇ. ರುಚಿ: ಬೆಲ್ಲದ ಪಾಕ, ಹುರಿದ ಕಡಲೆಬೀಜ, ಕೊನೆಯಲ್ಲಿ ಸ್ವಲ್ಪ ಉರಿ. ಮಂಜುಗಡ್ಡೆ ಪೂರ್ತಿ ಕರಗಿದರೂ ಸಪ್ಪೆಯಾಗುವುದಿಲ್ಲ.

ಟೆನೆಸ್ಸಿಯ ಗ್ಯಾಟ್ಲಿನ್‌ಬರ್ಗ್‌ನಿಂದ ತಂದ ಓಲ್ ಸ್ಮೋಕಿಯ ಆಪಲ್ ಪೈ ಜಾಡಿ ಪರವಾನಗಿ ಪಡೆದ ಮೂನ್‌ಶೈನ್. ದಾಲ್ಚಿನ್ನಿ ಹಾಕಿದ ಸೇಬಿನ ಪಾನಕದಂತಿದೆ. ಊಟದ ನಂತರ ಅತಿಥಿಗಳಿಗೆ ಚೆನ್ನ, ವಿಸ್ಕಿಯ ಜಾಗಕ್ಕೆ ಅಲ್ಲ.

ಮನೆಯಲ್ಲಿ ಇಳಿಸಿದ ಮೂನ್‌ಶೈನ್ ಬೇರೆಯೇ. ಪೂರ್ವ ಕೆಂಟಕಿಯ ಗುಡ್ಡಗಾಡಿನಿಂದ ಬಂದ ಸಹೋದ್ಯೋಗಿಯೊಬ್ಬರು ಒಂದು ಗಾಜಿನ ಜಾಡಿ ತಂದಿದ್ದರು. ಅಲುಗಾಡಿಸಿ ತೋರಿಸಿದರು: ಗುಳ್ಳೆಗಳು ದೊಡ್ಡದಾಗಿ ಎದ್ದು ತಟ್ಟನೆ ಒಡೆದರೆ ಸಾರ ಹೆಚ್ಚು ಎಂದು ಅರ್ಥ. ಒಂದು ಗುಟುಕು ಕುಡಿದೆ. ಬೇಯಿಸಿದ ಮೆಕ್ಕೆಜೋಳದ ಹಸಿ ಪರಿಮಳ ಮೂಗು ತುಂಬಿತು. ಪೀಪಾಯಿಯಲ್ಲಿ ಮಾಗಿದ ಯಾವ ವಿಸ್ಕಿಯಲ್ಲೂ ಅದು ಅಷ್ಟು ನೇರವಾಗಿ ಸಿಗುವುದಿಲ್ಲ. ಚೆನ್ನಾಗಿತ್ತು, ಸುಳ್ಳು ಹೇಳಲಾರೆ.

ಆದರೂ ಅವರು ಕೊಟ್ಟ ಜಾಡಿಯನ್ನು ಮನೆಗೆ ತರಲಿಲ್ಲ. ಪರವಾನಗಿ ಇಲ್ಲದ ಭಟ್ಟಿ ಅಪರಾಧ ಎಂಬುದು ಒಂದು ಕಾರಣ. ಇನ್ನೊಂದು, ಗುಳ್ಳೆ ಸಾರವನ್ನು ಹೇಳುತ್ತದೆ, ವಿಷವನ್ನು ಹೇಳುವುದಿಲ್ಲ. ಹಳೆಯ ಕಾರಿನ ರೇಡಿಯೇಟರ್ ಬಳಸಿ ಭಟ್ಟಿ ಇಳಿಸಿದವರ ಮದ್ಯದಲ್ಲಿ ಸೀಸ ಸೇರಿ ಜನ ಕಾಯಿಲೆ ಬಿದ್ದದ್ದು ಈ ದೇಶದಲ್ಲೇ. ಬೆಂಗಳೂರಿನಲ್ಲಿ 1981ರಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2008ರಲ್ಲಿ ಮತ್ತೆ ಕಳ್ಳಭಟ್ಟಿ ದುರಂತವಾಯಿತು. ಆ 1981ರ ದಿನಗಳ ಬಗ್ಗೆ ಹೇಳುವಾಗ ನನ್ನ ತಂದೆ ಈಗಲೂ ದನಿ ತಗ್ಗಿಸುತ್ತಾರೆ. ಸಹೋದ್ಯೋಗಿ ಒಳ್ಳೆಯವರು, ಅವರ ತಾಮ್ರದ ಭಟ್ಟಿಯೂ ಶುದ್ಧವಿರಬಹುದು. ಅದು ನನಗೆ ತಿಳಿಯುವ ದಾರಿಯಿಲ್ಲ.

ಡಿಸೆಂಬರ್‌ನಲ್ಲಿ ಊರಿಗೆ ಹೊರಟಿದ್ದೇನೆ. ಸುಂಕವಿಲ್ಲದೆ ಎರಡು ಲೀಟರ್ ತರಬಹುದು. 750 ಮಿಲಿಲೀಟರಿನ ಎರಡು ಬಿಳಿ ಲೇಬಲ್ ಬಾಟಲಿಗಳನ್ನು ಆಗಲೇ ಪಂಚೆಯಲ್ಲಿ ಸುತ್ತಿಟ್ಟಿದ್ದೇನೆ. ಎರಡೂ ಮಾವನಿಗೆ.